ಕಡಲ ಬಳಿಯ ಹಳೆಯ ಬಾರ್ನ್‌ನಲ್ಲಿ ಸಂಸಾರ ಸಮೇತ ರಜೆ: ಯಾವ ಬಗೆಯದನ್ನು ಆರಿಸಬೇಕು?

ಬಾರ್ನ್ ಎಂದರೆ ಹೊಲಮನೆಗಳಲ್ಲಿ ಹುಲ್ಲು, ಕಾಳು, ದನಕ್ಕೆಂದು ಕಟ್ಟಿದ ಕಟ್ಟಡ. ಅಂಥವನ್ನು ಈಗ ಮನೆಯಾಗಿ ಮಾರ್ಪಡಿಸಿ ರಜೆಗೆ ಬಾಡಿಗೆ ಕೊಡುತ್ತಾರೆ. ಬಾಡಿಗೆಗೆ ಸಿಗುವ ಬಾರ್ನ್‌ಗಳ ಫೋಟೋಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಎತ್ತರದ ಸೂರು, ದಪ್ಪ ದಪ್ಪ ತೊಲೆಗಳು, ಹಿಂದೆ ಹುಲ್ಲಿನ ಗಾಡಿ ಒಳಗೆ ಬರುತ್ತಿದ್ದ ಹೆಬ್ಬಾಗಿಲಿನ ಜಾಗದಲ್ಲಿ ಈಗ ನೆಲದಿಂದ ಮೇಲಿನವರೆಗೆ ಗಾಜು, ಅದರಾಚೆ ಹುಲ್ಲುಗಾವಲು, ಅದರಾಚೆ ಗೆರೆ ಎಳೆದಂತೆ ಕಡಲು. ಎಲ್ಲವೂ ಹಗಲಲ್ಲಿ, ಒಳ್ಳೆಯ ಬಿಸಿಲಲ್ಲಿ, ಮನೆ ಖಾಲಿ ಇದ್ದಾಗ ತೆಗೆದವು. ಆದರೆ ಮಕ್ಕಳು, ಅಜ್ಜ ಅಜ್ಜಿ ಎಲ್ಲ ಸೇರಿ ಎಂಟು ಜನ ಒಂದು ವಾರ ಅಲ್ಲಿರುವಾಗ ಸುಖವೋ ಕಷ್ಟವೋ ಎಂದು ತೀರ್ಮಾನವಾಗುವುದು ರಾತ್ರಿ. ಮಗು ಎಲ್ಲಿ ಮಲಗುತ್ತದೆ, ದೊಡ್ಡವರ ಮಾತು ಅದರ ಕಿವಿಗೆ ಎಷ್ಟು ಬೀಳುತ್ತದೆ, ಅಜ್ಜ ಕತ್ತಲಲ್ಲಿ ಬಚ್ಚಲಿಗೆ ಹೇಗೆ ಹೋಗುತ್ತಾರೆ, ಬೆಳಗಿನ ಜಾವ ಮನೆ ಎಷ್ಟು ತಣ್ಣಗಾಗುತ್ತದೆ? ಬಾರ್ನ್ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಾತ್ರಿಗೆ ಸೇರಿದವು.

ಕಾರಣ ಸರಳ. ಈ ಕಟ್ಟಡವನ್ನು ಕಟ್ಟಿದ್ದು ಮನುಷ್ಯರು ಮಲಗಲಿ ಎಂದಲ್ಲ. ಹುಲ್ಲು ಒಣಗಿರಲಿ, ಕಾಳಿಗೆ ಇಲಿ ಬೀಳದಿರಲಿ, ದನಕ್ಕೆ ಮಳೆ ತಾಗದಿರಲಿ ಎಂದು. ಈಗ ಮನೆಯಾಗಿದ್ದರೂ ಅದರ ಹಳೆಯ ಕಸುಬು ಗೋಡೆಯಲ್ಲಿ, ಸೂರಿನಲ್ಲಿ, ಕಿಟಕಿಯ ಅಳತೆಯಲ್ಲಿ ಹಾಗೇ ಉಳಿದಿರುತ್ತದೆ. ಹಾಗಾಗಿ ಮಾಲೀಕರಿಗೆ ಕೇಳಬೇಕಾದ ಮೊದಲ ಪ್ರಶ್ನೆ, ಇದು ಹಿಂದೆ ಏನಾಗಿತ್ತು ಎಂಬುದು.

ಹುಲ್ಲುಮನೆ, ಕೊಟ್ಟಿಗೆ, ಕಣಜ, ಶೆಡ್

ಹುಲ್ಲು ಪೇರಿಸಿ, ತೆನೆ ಬಡಿಯುತ್ತಿದ್ದ ದೊಡ್ಡ ಬಾರ್ನ್ ಎಂದರೆ ಒಂದೇ ಒಂದು ಎತ್ತರದ ಹಜಾರ. ಮನೆ ಮಾಡುವಾಗ ಒಂದು ತುದಿಗೆ ಅಥವಾ ಎರಡೂ ತುದಿಗೆ ಅಟ್ಟ ಕಟ್ಟಿ ಮಲಗುವ ಜಾಗ ಮಾಡಿರುತ್ತಾರೆ. ಫೋಟೋದಲ್ಲಿ ಮನಸೋಲುವಂತೆ ಕಾಣುವುದು ಇದೇ. ಎಲ್ಲರೂ ಒಟ್ಟಿಗೆ ಕೂತು ಆಡುವುದಕ್ಕೆ, ಮಳೆ ಹಿಡಿದ ದಿನ ಮಕ್ಕಳು ಓಡಾಡುವುದಕ್ಕೆ ಇಷ್ಟು ಜಾಗ ಬೇರೆಲ್ಲೂ ಸಿಗುವುದಿಲ್ಲ. ರಾತ್ರಿಯ ತೊಂದರೆಗಳು ಹೆಚ್ಚಾಗಿರುವುದೂ ಇದರಲ್ಲೇ.

ದನದ ಕೊಟ್ಟಿಗೆಯಾಗಿದ್ದದ್ದು ತಗ್ಗು, ಉದ್ದ, ನೆಲಮಟ್ಟದ್ದು. ಕೋಣೆಗಳು ಸಾಲಾಗಿ ಬರುತ್ತವೆ, ಅಟ್ಟವಿರುವುದಿಲ್ಲ. ಚಿಕ್ಕ ಮಕ್ಕಳಿಗೂ ಮಂಡಿನೋವಿನ ಹಿರಿಯರಿಗೂ ಇದಕ್ಕಿಂತ ಒಳ್ಳೆಯದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೊರತೆಯೆಂದರೆ ಬೆಳಕು. ಹಳೆಯ ಕಿಟಕಿಗಳು ಕಿರಿದಾಗಿದ್ದು, ಒಂದೇ ಬದಿಗೆ ಇರುವುದುಂಟು. ಅಂಥ ಕೋಣೆಯಲ್ಲಿ ಗಾಳಿ ಆಡದೆ ಮುಗ್ಗಲು ವಾಸನೆ ನಿಲ್ಲಬಹುದು. ಕೆಲವು ಕಡೆ ಒಂದು ಕೋಣೆ ದಾಟಿಯೇ ಇನ್ನೊಂದಕ್ಕೆ ಹೋಗಬೇಕಾಗಿರುತ್ತದೆ. ಹಾಗಾಗಿ ಓಣಿ ಇದೆಯೇ ಎಂದು ನಕ್ಷೆಯಲ್ಲಿ ನೋಡಿಯೇ ಹಣ ಕಟ್ಟಿ.

ಕಾಳು ತುಂಬುತ್ತಿದ್ದ ಕಣಜ ಚಿಕ್ಕದು. ಇಲಿ, ತೇವ ಎರಡರಿಂದಲೂ ದೂರವಿರಲಿ ಎಂದು ಕಲ್ಲಿನ ಕಂಬಗಳ ಮೇಲೆ ಎತ್ತರಿಸಿ ಕಟ್ಟಿರುತ್ತಾರೆ, ಮೆಟ್ಟಿಲು ಹೆಚ್ಚಾಗಿ ಹೊರಗಡೆ. ಇಬ್ಬರಿಗೆ, ಹೆಚ್ಚೆಂದರೆ ದೊಡ್ಡ ಮಕ್ಕಳಿರುವ ನಾಲ್ವರಿಗೆ ಸರಿ. ನಡೆಯಲು ಕಲಿಯುತ್ತಿರುವ ಮಗು ಇದ್ದರೆ ಬೇಡ.

ಇನ್ನು ಉಕ್ಕಿನ ಚೌಕಟ್ಟಿಗೆ ತಗಡು ಹೊದಿಸಿದ ಈಚಿನ ಶೆಡ್‌ಗಳು. ಹಳೆಯ ಸೊಬಗು ಇರುವುದಿಲ್ಲ, ಆದರೆ ಮಾರ್ಪಾಟನ್ನು ಚೆನ್ನಾಗಿ ಮಾಡಿದ್ದರೆ ಕೋಣೆಗಳ ಗೋಡೆ ಸೂರಿನವರೆಗೆ ಮುಚ್ಚಿರುತ್ತವೆ, ಬಚ್ಚಲುಗಳು ಸಾಕಷ್ಟಿರುತ್ತವೆ. ಮಳೆ ಬಂದಾಗ ಸದ್ದು ಎಷ್ಟು ಎಂಬುದು ತಗಡಿನ ಕೆಳಗಿನ ಪದರಗಳ ಮೇಲೆ ನಿಂತಿದೆ. ಒಳಗಿನಿಂದ ನೋಡಿದಾಗ ಬರಿಯ ತಗಡೇ ಕಂಡರೆ ಜೋರು ಮಳೆಯ ರಾತ್ರಿ ನಿದ್ದೆಯ ಆಸೆ ಬಿಡಬೇಕು.

ಕಲ್ಲುಗೋಡೆಯೋ ಮರದ ಗೋಡೆಯೋ

ಅರ್ಧ ಮೀಟರ್ ದಪ್ಪದ ಕಲ್ಲುಗೋಡೆ ಬೇಗ ಬಿಸಿಯೂ ಆಗದು, ಬೇಗ ತಣ್ಣಗೂ ಆಗದು. ಹೊರಗಿನ ಬಿಸಿಲು ಒಳಮೈಗೆ ಮುಟ್ಟಲು ಅರ್ಧ ದಿನವೇ ಬೇಕು. ಸುಡುಬೇಸಿಗೆಯಲ್ಲಿ ಇದೊಂದು ವರ. ಚಳಿಗಾಲದಲ್ಲಿ ಅದೇ ಗುಣ ತಿರುಗಿ ಬೀಳುತ್ತದೆ. ಹಿಂದಿನವರು ಹೋಗಿ ನಾಲ್ಕು ದಿನ ಖಾಲಿ ಬಿದ್ದಿದ್ದ ಮನೆಗೆ ನೀವು ಸಂಜೆ ಐದಕ್ಕೆ ಬಂದು ಹೀಟರ್ ಹಾಕಿದರೆ ಗಾಳಿ ಬೆಚ್ಚಗಾದೀತು, ಗೋಡೆ ಆಗುವುದಿಲ್ಲ. ತಣ್ಣನೆಯ ಗೋಡೆ ಪಕ್ಕದಲ್ಲಿರುವಾಗ ಗಾಳಿ 20 ಡಿಗ್ರಿ ಇದ್ದರೂ ಮೈ ನಡುಗುತ್ತದೆ, ಏಕೆಂದರೆ ಮೈಯ ಶಾಖವನ್ನು ಗೋಡೆ ಎಳೆದುಕೊಳ್ಳುತ್ತಲೇ ಇರುತ್ತದೆ. ನೆಲದಡಿ ಬಿಸಿನೀರಿನ ಕೊಳವೆ ಹಾಕಿರುವ ಮನೆಗಳಲ್ಲೂ ಇದೇ ಕತೆ. ಕಾಂಕ್ರೀಟು ಬಿಸಿಯಾಗಲು ಹಲವು ಗಂಟೆಗಳು ಬೇಕು, ಪೂರ್ತಿ ತಣ್ಣಗಾಗಿದ್ದರೆ ಒಂದು ದಿನವೇ ಹಿಡಿಯಬಹುದು. ಬೇಸಿಗೆ ಬಿಟ್ಟು ಬೇರೆ ಕಾಲದಲ್ಲಿ ಹೋಗುವುದಾದರೆ "ನಾವು ಬರುವ ಹಿಂದಿನ ದಿನವೇ ಹೀಟಿಂಗ್ ಹಾಕಿಡುತ್ತೀರಾ?" ಎಂದು ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಮರದ ಗೋಡೆಯ ಬಾರ್ನ್ ಒಂದೆರಡು ಗಂಟೆಯಲ್ಲೇ ಬೆಚ್ಚಗಾಗುತ್ತದೆ, ಬಿಸಿಲಿಗೆ ಅಷ್ಟೇ ಬೇಗ ಕಾಯುತ್ತದೆ. ಗಾಳಿ ಬೀಸಿದಾಗ ಕಿರುಗುಟ್ಟುತ್ತದೆ. ಎರಡು ಮೂರು ದಿನಕ್ಕಷ್ಟೇ ಹೋಗುವವರಿಗೆ ಮರದ್ದೇ ಅನುಕೂಲ. ಕಲ್ಲಿನ ಮನೆ ಹದಕ್ಕೆ ಬರುವಷ್ಟರಲ್ಲಿ ನಿಮ್ಮ ರಜೆ ಮುಗಿದಿರುತ್ತದೆ. ಒಂದು ವಾರಕ್ಕೆ, ಅದೂ ಬಿರುಬೇಸಿಗೆಯಲ್ಲಾದರೆ ಕಲ್ಲು.

ಎತ್ತರದ ಹಜಾರದ ಲೆಕ್ಕ ಬೇರೆ. 9 ಮೀಟರ್ ಉದ್ದ, 6 ಮೀಟರ್ ಅಗಲದ ಕೋಣೆಗೆ ಮಾಮೂಲಿ 2.5 ಮೀಟರ್ ಚಾವಣಿ ಇದ್ದರೆ 135 ಘನ ಮೀಟರ್ ಗಾಳಿ. ಚಾವಣಿಯ ಸರಾಸರಿ ಎತ್ತರ 5 ಮೀಟರ್ ಆದರೆ 270. ಬಿಸಿಗಾಳಿ ಮೇಲಕ್ಕೇ ಹೋಗುವುದರಿಂದ ಅಟ್ಟದಲ್ಲಿ ಮಲಗಿದವರು ಹೊದಿಕೆ ಒದೆಯುತ್ತಿರುವಾಗ ಕೆಳಗೆ ಸೋಫಾದಲ್ಲಿ ಕೂತವರು ಶಾಲು ಹೊದ್ದಿರುತ್ತಾರೆ. ಸೂರಿನಿಂದ ಇಳಿಬಿಟ್ಟ ಫ್ಯಾನ್ ಇದ್ದು, ಅದನ್ನು ಹಿಂದುಮುಂದಾಗಿ ನಿಧಾನಕ್ಕೆ ತಿರುಗಿಸುವ ಸ್ವಿಚ್ ಇದ್ದರೆ ಮೇಲಿನ ಬಿಸಿ ಗೋಡೆಗುಂಟ ಕೆಳಗೆ ಬರುತ್ತದೆ. ಫೋಟೋದಲ್ಲಿ ಫ್ಯಾನ್ ಹುಡುಕಿ. ಬೇಸಿಗೆಯಲ್ಲಾದರೆ ಸೂರಿನ ಕಿಟಕಿ ತೆರೆಯಲು ಬರುತ್ತದೆಯೇ ಎಂದು ಕೇಳಿ. ತೆರೆಯದಿದ್ದರೆ ಅಟ್ಟದ ಬಿಸಿಗೆ ಹೊರಹೋಗಲು ದಾರಿಯಿಲ್ಲ.

ಅಟ್ಟದ ಮೇಲೆ ಯಾರು ಮಲಗಬೇಕು

ಮಕ್ಕಳಿಗೆ ಅಟ್ಟವೆಂದರೆ ಪ್ರಾಣ, ನೋಡಿದ ಕೂಡಲೇ ಅಲ್ಲೇ ಮಲಗುತ್ತೇನೆ ಎನ್ನುತ್ತವೆ. ಹಾಗಾಗಿ ಅವು ನೋಡುವ ಮೊದಲೇ ನೀವು ಅಳತೆ ಕೇಳಬೇಕು.

ಕಟಕಟೆ ಕನಿಷ್ಠ 1 ಮೀಟರ್ ಎತ್ತರವಿರಬೇಕು, ಸರಳುಗಳ ನಡುವೆ 10 ಸೆಂಟಿಮೀಟರ್‌ಗಿಂತ ಹೆಚ್ಚು ಸಂದಿ ಇರಬಾರದು. ಅದಕ್ಕಿಂತ ಅಗಲವಾದರೆ ಚಿಕ್ಕ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಅಡ್ಡ ಸರಳು ಅಥವಾ ಅಡ್ಡ ತಂತಿಯ ಕಟಕಟೆ ನೋಡಲು ಚೆಂದ, ಮಕ್ಕಳಿಗೆ ಅದು ಏಣಿ. ಮೂರು ವರ್ಷದ ಮಗು ಅರೆಗಳಿಗೆಯಲ್ಲಿ ಹತ್ತಿ ತುದಿಗೆ ನಿಂತಿರುತ್ತದೆ. ಕಟಕಟೆಗೆ ಒತ್ತಿ ಇಟ್ಟ ಮಂಚ, ಪೆಟ್ಟಿಗೆ, ಬೆಂಚೂ ಹಾಗೇ, ಅದರ ಮೇಲೆ ಹತ್ತಿ ನಿಂತರೆ ಒಂದು ಮೀಟರ್ ಎತ್ತರ ಅರ್ಧಕ್ಕಿಳಿಯಿತು. ಎರಡಂತಸ್ತಿನ ಮಂಚವಿದ್ದರೆ ಮೇಲಿನದಕ್ಕೆ ಆರು ವರ್ಷಕ್ಕಿಂತ ಚಿಕ್ಕವರನ್ನು ಹತ್ತಿಸಬೇಡಿ.

ಮೆಟ್ಟಿಲ ಗೇಟಿನ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಗೋಡೆಗೆ ಮೊಳೆಯಿಲ್ಲದೆ ಒತ್ತಿ ನಿಲ್ಲಿಸುವ ಗೇಟು ಸಾಮಾನ್ಯವಾಗಿ 75ರಿಂದ 85 ಸೆಂಟಿಮೀಟರ್ ಅಗಲಕ್ಕೆ, ನೇರ ಗೋಡೆಗೆ ಮಾಡಿದ್ದು. ಬಾರ್ನ್‌ನ ಮೆಟ್ಟಿಲು ಒಂದೋ ಅದಕ್ಕಿಂತ ಅಗಲ, ಇಲ್ಲವೇ ಒಂದು ಬದಿಗೆ ಉಬ್ಬುತಗ್ಗಿನ ಕಲ್ಲು, ಇನ್ನೊಂದು ಬದಿಗೆ ಬರೀ ಸರಳು. ಅಲ್ಲಿ ಗೇಟು ಕಚ್ಚುವುದಿಲ್ಲ. ಕಚ್ಚಿದರೂ ಮೆಟ್ಟಿಲ ಮೇಲ್ತುದಿಗೆ ಆ ಬಗೆಯ ಗೇಟು ಸಲ್ಲದು, ಅದರ ಕೆಳಪಟ್ಟಿಗೆ ಕಾಲು ತಾಗಿ ದೊಡ್ಡವರೇ ಉರುಳುತ್ತಾರೆ. "ಗೇಟು ಇದೆ" ಎಂಬ ಉತ್ತರ ಸಾಲದು. ಮೇಲೂ ಕೆಳಗೂ ಇದೆಯೇ, ತಿರುಪು ಹಾಕಿ ಕೂರಿಸಿದೆಯೇ ಎಂದು ಕೇಳಬೇಕು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಬೆಂಕಿ. ತೆರೆದ ಅಡುಗೆಮನೆಯ ಮೇಲೇ ಅಟ್ಟ, ಇಳಿಯಲು ಒಂದೇ ಮೆಟ್ಟಿಲು, ಆ ಮೆಟ್ಟಿಲು ಇಳಿಯುವುದು ಒಲೆಯ ಪಕ್ಕಕ್ಕೆ: ಬಾರ್ನ್‌ಗಳಲ್ಲಿ ಇದು ಅಪರೂಪದ ಜೋಡಣೆಯಲ್ಲ. ಕೆಳಗೆ ಹೊಗೆ ಎದ್ದರೆ ಅದು ಮೊದಲು ತುಂಬುವುದು ಅಟ್ಟವನ್ನೇ. ಅಂಥ ಮನೆಯಲ್ಲಿ ಅಟ್ಟದಿಂದ ಹೊರಬರಲು ಮನುಷ್ಯ ತೂರುವಷ್ಟು ದೊಡ್ಡ ಕಿಟಕಿ ಅಥವಾ ಇನ್ನೊಂದು ಬಾಗಿಲು ಇರಲೇಬೇಕು. ಹೊಗೆಯ ಅಲಾರಂಗಳು ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಜೋಡಿಸಿರಬೇಕು. ಇಲ್ಲವೆಂದರೆ ಅಟ್ಟವನ್ನು ಹಗಲು ಆಟಕ್ಕಷ್ಟೇ ಬಳಸಿ, ಅಥವಾ ಬೇರೆ ಮನೆ ನೋಡಿ. ಈ ಒಂದು ವಿಷಯದಲ್ಲಿ ಹೊಂದಾಣಿಕೆ ಬೇಡ.

ಹಿರಿಯರನ್ನು ಅಟ್ಟಕ್ಕೆ ಕಳಿಸುವ ಮಾತೇ ಇಲ್ಲ. ಅವರಿಗೆ ನೆಲಮಟ್ಟದಲ್ಲಿ ಕೋಣೆ ಇರುವುದಷ್ಟೇ ಸಾಲದು, ಅದೇ ಮಟ್ಟದಲ್ಲಿ ಬಚ್ಚಲೂ ಇರಬೇಕು. ಹಳೆಯ ಕಟ್ಟಡದಲ್ಲಿ ಕೋಣೆಯಿಂದ ಕೋಣೆಗೆ ಒಂದೊಂದು ಮೆಟ್ಟಿಲಿನ ಏರುತಗ್ಗು ಇರುತ್ತದೆ, ನೆಲಕ್ಕೆ ಹಾಸಿದ ಕಲ್ಲಿನ ಅಂಚು ಎದ್ದಿರುತ್ತದೆ. ಮನೆಯೊಳಗೆ ಒಟ್ಟು ಎಷ್ಟು ಮೆಟ್ಟಿಲು, ಎಲ್ಲೆಲ್ಲಿ ಎಂದು ಕೇಳಿ. ಚುಚ್ಚುಪ್ಲಗ್ಗಿನ ಎರಡು ರಾತ್ರಿದೀಪ ಒಯ್ದರೆ ಬಚ್ಚಲ ದಾರಿ ಕಾಣುತ್ತದೆ.

ಸದ್ದು, ಬೆಳಕು

ಹಜಾರದಲ್ಲಿ ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಸದ್ದು ಹೀರುವ ವಸ್ತುಗಳು ಅಷ್ಟೇ ಇದ್ದು ಕೋಣೆಯ ಗಾತ್ರ ಇಮ್ಮಡಿಯಾದರೆ ಮರುದನಿಯ ಕಾಲವೂ ಇಮ್ಮಡಿಯಾಗುತ್ತದೆ. ಕಲ್ಲು, ಗಾಜು, ಹೊಳಪಿನ ನೆಲ ಯಾವುದೂ ಸದ್ದು ಹೀರುವುದಿಲ್ಲ. ಎಂಟು ಜನ ಊಟಕ್ಕೆ ಕೂತು ಮಾತಾಡಿದರೆ ಒಬ್ಬರ ಮಾತು ಒಬ್ಬರಿಗೆ ಕೇಳದೆ ದನಿ ಏರಿಸುತ್ತಾರೆ, ಆ ದನಿ ನೇರ ಅಟ್ಟದ ಹಾಸಿಗೆಗೆ ಹೋಗುತ್ತದೆ. ಕಿವಿಗೆ ಯಂತ್ರ ಹಾಕಿಕೊಳ್ಳುವ ಹಿರಿಯರಿಗೆ ಇಂಥ ಹಜಾರ ಹಿಂಸೆ. ಫೋಟೋದಲ್ಲಿ ದಪ್ಪ ಕಂಬಳಿ, ಪರದೆ, ಬಟ್ಟೆಯ ಸೋಫಾ ಹೆಚ್ಚು ಕಂಡಷ್ಟೂ ಒಳ್ಳೆಯದು.

ಇದಕ್ಕಿಂತ ದೊಡ್ಡ ಪ್ರಶ್ನೆ, ಕೋಣೆಯ ಗೋಡೆ ಸೂರಿಗೆ ಮುಟ್ಟುತ್ತದೆಯೇ? ತೊಲೆಗಳು ಕಾಣಲಿ ಎಂದು ಗೋಡೆಯನ್ನು ಅರ್ಧಕ್ಕೇ ನಿಲ್ಲಿಸಿದ ಮನೆಗಳಿವೆ. ಬಾಗಿಲು ಹಾಕಿದರೂ ಮೇಲಿನಿಂದ ಎಲ್ಲವೂ ಕೇಳುತ್ತದೆ. ಏಳೂವರೆಗೆ ಮಲಗುವ ಮಗುವೂ ಹನ್ನೊಂದಕ್ಕೆ ಮಲಗುವ ದೊಡ್ಡವರೂ ಇರುವ ಸಂಸಾರಕ್ಕೆ ಸೂರಿನವರೆಗೆ ಮುಚ್ಚಿದ ಒಂದಾದರೂ ಕೋಣೆ ಬೇಕು, ಅದು ಹಜಾರದಿಂದ ದೂರದ ತುದಿಯಲ್ಲಿದ್ದರೆ ಇನ್ನೂ ಉತ್ತಮ.

"8+2 ಜನ ಮಲಗಬಹುದು" ಎಂದು ಬರೆದಿದ್ದರೆ ಆ ಇಬ್ಬರು ಹಜಾರದ ಸೋಫಾ ಮಂಚದ ಮೇಲೆ ಎಂದೇ ತಿಳಿಯಿರಿ. ಅವರು ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳಬೇಕು. ಬಚ್ಚಲು, ಊಟದ ಮೇಜು, ಬಿಸಿನೀರು ಎಲ್ಲವೂ ಎಂಟಕ್ಕೇ ಲೆಕ್ಕ ಹಾಕಿದವಾಗಿರುತ್ತವೆ. ಹತ್ತು ಜನರಿದ್ದರೆ ಹತ್ತಕ್ಕೆ ನಿಜವಾದ ಹಾಸಿಗೆ ಇರುವ ಮನೆಯನ್ನೇ ಹುಡುಕಿ.

ಬೆಳಕಿನದು ಚಿಕ್ಕ ವಿಷಯ ಅನಿಸಬಹುದು, ಚಿಕ್ಕ ಮಕ್ಕಳಿರುವವರಿಗೆ ಅಲ್ಲ. ಸೂರಿನ ಕಿಟಕಿಗೆ, ಮುಕ್ಕೋನದ ಗಾಜಿಗೆ ಪರದೆ ಹಾಕುವುದು ಕಷ್ಟ, ಹಾಗಾಗಿ ಎಷ್ಟೋ ಕಡೆ ಹಾಕಿರುವುದೇ ಇಲ್ಲ. ಭೂಮಧ್ಯರೇಖೆಯಿಂದ ದೂರದ ನಾಡುಗಳಲ್ಲಿ ನಡುಬೇಸಿಗೆಯಲ್ಲಿ ಐದಕ್ಕೆ ಮೊದಲೇ ಬೆಳಗಾಗುತ್ತದೆ, ಮಗುವೂ ಆಗಲೇ ಏಳುತ್ತದೆ. ರಬ್ಬರ್ ಬಿಲ್ಲೆಗಳಿಂದ ಗಾಜಿಗೆ ಅಂಟುವ ಕಪ್ಪು ಪರದೆ ಒಂದನ್ನು ಚೀಲಕ್ಕೆ ಹಾಕಿಕೊಳ್ಳಿ. ಹೆಬ್ಬಾಗಿಲಿನ ದೊಡ್ಡ ಗಾಜು ಪಡುವಣಕ್ಕೆ ಮುಖಮಾಡಿದ್ದರೆ ಸಂಜೆ ಕಡಲ ಮೇಲಿನ ಸೂರ್ಯಾಸ್ತವೂ ಸಿಗುತ್ತದೆ, ಮಗು ಮಲಗುವ ಹೊತ್ತಿಗೆ ಕಾದ ಹಜಾರವೂ ಸಿಗುತ್ತದೆ.

ಬೆಂಕಿ, ಬಿಸಿನೀರು, ಕುಡಿಯುವ ನೀರು

ಕಟ್ಟಿಗೆ ಒಲೆ ಇರುವ ಬಾರ್ನ್‌ನಲ್ಲಿ ಮೂರು ಸಂಗತಿ ನೋಡಿ. ಒಲೆಯ ಸುತ್ತ ಗೋಡೆಗೆ ಬಿಗಿದ ಬೇಲಿ ಇರಬೇಕು, ಉರಿಯುವಾಗ ಅದರ ಮೈ 200 ಡಿಗ್ರಿ ದಾಟಬಹುದು. ಕಟ್ಟಿಗೆಯ ತೇವಾಂಶ ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು. ಹಸಿ ಕಟ್ಟಿಗೆ ಬುಸುಗುಟ್ಟುತ್ತದೆ, ಹೊಗೆ ಉಗುಳುತ್ತದೆ, ಚಿಮಣಿಯಲ್ಲಿ ಮೇಣದಂಥ ಕರಿ ಕಟ್ಟುತ್ತದೆ, ಮುಂದೆ ಆ ಕರಿಗೇ ಬೆಂಕಿ ಹತ್ತುತ್ತದೆ. ಮೂರನೆಯದು ಕಾರ್ಬನ್ ಮೊನಾಕ್ಸೈಡ್ ಅಲಾರಂ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಎಂದು ಶುರುವಾಗಿ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬ್ಯಾಟರಿಯ ಅಲಾರಂ ಅಂಗೈಯಷ್ಟಿರುತ್ತದೆ, ಮನೆಯಲ್ಲಿದ್ದರೂ ನಿಮ್ಮದೊಂದನ್ನು ಒಯ್ಯಿರಿ. ಗಾಳಿಗಿಂಡಿಯಿಂದ ಚಳಿ ಬರುತ್ತದೆಂದು ಬಟ್ಟೆ ತುರುಕಬೇಡಿ, ಮಳೆ ಬಂತೆಂದು ಹೊರಗಿನ ಇದ್ದಿಲ ಒಲೆಯನ್ನು ಒಳಗೆ ತರಬೇಡಿ. ಆರಿದಂತೆ ಕಂಡರೂ ಅದು ಆ ಅನಿಲವನ್ನು ಬಿಡುತ್ತಲೇ ಇರುತ್ತದೆ.

ಬಿಸಿನೀರಿಗೆ ಟ್ಯಾಂಕ್ ಎಷ್ಟು ಲೀಟರಿನದು ಎಂದು ಕೇಳಿ. ನಿಮಿಷಕ್ಕೆ 8 ಲೀಟರ್ ಸುರಿಯುವ ಶವರ್‌ನಡಿ 7 ನಿಮಿಷ ನಿಂತರೆ 56 ಲೀಟರ್. 40 ಡಿಗ್ರಿಯ ಹದಕ್ಕೆ ಅದರಲ್ಲಿ ಟ್ಯಾಂಕಿನ 60 ಡಿಗ್ರಿಯ ನೀರು ಸುಮಾರು 33 ಲೀಟರ್, ಉಳಿದದ್ದು ತಣ್ಣೀರು. 200 ಲೀಟರಿನ ಟ್ಯಾಂಕಿಗೆ ಆರು ಸ್ನಾನ. ಕಡಲಿಂದ ಎಂಟು ಜನ ಒಟ್ಟಿಗೆ ಮರಳಿದ ಸಂಜೆ ಕೊನೆಯ ಇಬ್ಬರಿಗೆ ತಣ್ಣೀರೇ ಗತಿ, ಮತ್ತೆ ಕಾಯಲು ಒಂದೆರಡು ಗಂಟೆ. ಹೊರಗೆ ನಲ್ಲಿ ಅಥವಾ ಶವರ್ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ, ಮರಳು ಒಳಗಿನ ಬಚ್ಚಲ ಕಿಂಡಿಗೆ ಇಳಿದು ಕಟ್ಟುವುದೂ ತಪ್ಪುತ್ತದೆ.

ಊರಿಂದ ದೂರದ ಬಾರ್ನ್‌ಗೆ ನೀರು ಬರುವುದು ಬಾವಿಯಿಂದಲೋ ಕೊಳವೆಬಾವಿಯಿಂದಲೋ ಇರಬಹುದು. ಸೋಸುವ ವ್ಯವಸ್ಥೆ ಏನು, ಕೊನೆಯ ಪರೀಕ್ಷೆ ಯಾವಾಗ ಎಂದು ಕೇಳಿ. ಬಾಟಲಿ ಹಾಲಿನ ಕೂಸು ಇದ್ದರೆ ಇನ್ನೂ ಒಂದು ಮಾತು. ಹೊಲಗಳ ಗೊಬ್ಬರದಿಂದ ನೆಲದ ನೀರಿಗೆ ನೈಟ್ರೇಟ್ ಸೇರುತ್ತದೆ, ಅದು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 50 ಮಿಲಿಗ್ರಾಂ. ಪರೀಕ್ಷೆಯ ಚೀಟಿ ಸಿಗದಿದ್ದರೆ ಕೂಸಿನ ಹಾಲಿಗೆ, ಕಡಿಮೆ ಖನಿಜದ್ದೆಂದು ಬರೆದಿರುವ ಬಾಟಲಿ ನೀರನ್ನು ಕುದಿಸಿ ಬಳಸಿ.

ಕೊಳಚೆ ಹೋಗುವುದು ಸೆಪ್ಟಿಕ್ ಟ್ಯಾಂಕಿಗಾದರೆ ಮಗುವನ್ನು ಒರೆಸುವ ಒದ್ದೆ ವೈಪ್ಸ್, ಡೈಪರ್, ಎಣ್ಣೆ ಯಾವುದನ್ನೂ ಬಿಡಬಾರದು. ಬ್ಲೀಚ್ ಸುರಿದರೆ ಒಳಗೆ ಕೊಳೆಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ.

ಕಡಲಿಗೆ ಅಂಟಿಕೊಂಡೋ, ಒಳನಾಡಿನಲ್ಲೋ

"ಕಡಲಿಗೆ 1 ಕಿಲೋಮೀಟರ್" ಎನ್ನುವುದು ಬಹುಪಾಲು ಹಕ್ಕಿ ಹಾರಿದ ಲೆಕ್ಕ. ಕೇಳಬೇಕಾದದ್ದು ಮರಳಿಗೆ ಕಾಲಿಡುವ ಜಾಗಕ್ಕೆ ನಡೆದರೆ ಎಷ್ಟು, ದಾರಿಯಲ್ಲಿ ಇಳಿಜಾರು ಎಷ್ಟು, ವಾಹನ ಓಡಾಡುವ ರಸ್ತೆಯ ಅಂಚಿನಲ್ಲಿ ನಡೆಯಬೇಕೇ ಎಂದು. ನಾಲ್ಕು ವರ್ಷದ ಮಗು ಗಂಟೆಗೆ ಎರಡೂವರೆ ಕಿಲೋಮೀಟರ್ ನಡೆದರೆ ಹೆಚ್ಚು. ಬೆಟ್ಟ ಹತ್ತುವವರ ಲೆಕ್ಕದಲ್ಲಿ ಪ್ರತಿ 100 ಮೀಟರ್ ಏರಿಗೆ ದೊಡ್ಡವರಿಗೇ 10 ನಿಮಿಷ ಹೆಚ್ಚು. ಕಡಲಿಂದ ಮರಳುವಾಗ ದಾರಿ ಏರು, ಮಕ್ಕಳು ದಣಿದಿರುತ್ತವೆ, ಚೀಲ ಒದ್ದೆಯಾಗಿ ಭಾರವಾಗಿರುತ್ತದೆ. ಒಂದೂವರೆ ಕಿಲೋಮೀಟರ್ ದಾಟಿದರೆ ಎರಡನೇ ದಿನದಿಂದ ಎಲ್ಲರೂ ಕಾರು ತೆಗೆಯುತ್ತಾರೆ. ಕಾರೇ ತೆಗೆಯುವುದಾದರೆ ಐದಾರು ಕಿಲೋಮೀಟರ್ ಒಳಗಿರುವ ಮನೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಒಳಗಿನ ಮನೆ ಅಗ್ಗ, ದೊಡ್ಡದು, ಗಾಳಿಯ ಹೊಡೆತ ಕಡಿಮೆ. ಅಂದರೆ ಆಯ್ಕೆ ಎರಡೇ: ಹತ್ತು ನಿಮಿಷದಲ್ಲಿ ನಡೆದು ತಲುಪುವ ಮನೆ, ಇಲ್ಲವೇ ಧಾರಾಳವಾಗಿ ಒಳಗೆ. ನಡುವಿನದ್ದಕ್ಕೆ ಕಡಲಿನ ಬೆಲೆ ಕೊಟ್ಟು ಕಾರಿನ ರಜೆ ಕಳೆಯುತ್ತೀರಿ.

ಕಡಲ ದಂಡೆಯ ಮನೆಗೆ ಉಪ್ಪುಗಾಳಿಯ ಕಾಟವಿದೆ. ಚಿಲಕ, ತಿರುಗಣೆ, ಕಿಟಕಿಯ ಕೊಂಡಿ ತುಕ್ಕು ಹಿಡಿದು ಬಿಗಿಯಾಗುತ್ತವೆ. ಮಧ್ಯಾಹ್ನದ ಹೊತ್ತು ನೆಲ ಕಾದು ಕಡಲಗಾಳಿ ಜೋರಾಗುತ್ತದೆ, ಆಸರೆಯಿಲ್ಲದ ಅಂಗಳದಲ್ಲಿ ಊಟಕ್ಕೆ ಕೂರಲಾಗದು. ಬೆಚ್ಚನೆಯ ಗಾಳಿ ತಣ್ಣನೆಯ ಕಡಲ ಮೇಲೆ ಹಾದುಬಂದ ದಿನ ದಂಡೆಯ ಮೇಲೆ ಮಂಜು ಕವಿದಿದ್ದರೆ ಕೆಲವೇ ಕಿಲೋಮೀಟರ್ ಒಳಗೆ ಬಿಸಿಲಿರುತ್ತದೆ.

ಉಬ್ಬರ-ಇಳಿತ ನೋಡಿ ವಾರ ಆರಿಸಿ

ಬಾಡಿಗೆ, ಶಾಲೆಯ ರಜೆ ಎರಡನ್ನೂ ನೋಡಿ ವಾರ ಗೊತ್ತುಮಾಡುವವರು ಉಬ್ಬರ-ಇಳಿತದ ಪಟ್ಟಿಯನ್ನು ನೋಡುವುದು ಕಡಿಮೆ. ಮೆಡಿಟರೇನಿಯನ್, ಬಾಲ್ಟಿಕ್ ಕಡಲುಗಳ ಬಹುತೇಕ ದಂಡೆಗಳಲ್ಲಿ ಇದರ ಅಗತ್ಯವಿಲ್ಲ, ಅಲ್ಲಿ ನೀರು ಏರಿಳಿಯುವುದೇ ಅಲ್ಪ. ಕೆನಡಾದ ಫಂಡಿ ಕೊಲ್ಲಿಯಲ್ಲಿ 16 ಮೀಟರ್‌ವರೆಗೂ ಏರುತ್ತದೆ. ನಿಮ್ಮ ದಂಡೆ ಇವೆರಡರ ನಡುವೆ ಎಲ್ಲಿದೆ ಎಂದು ತಿಳಿದುಕೊಳ್ಳಿ. ಉಬ್ಬರದಲ್ಲಿ ಮರಳೇ ಮುಳುಗಿ ಬಂಡೆ ಮಾತ್ರ ಉಳಿಯುವ ದಂಡೆಗಳಿವೆ.

ದಿನಕ್ಕೆರಡು ಉಬ್ಬರ ಬರುವ ಕಡೆ ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದರೆ ದಿನಕ್ಕೆ 50 ನಿಮಿಷ ಮುಂದೆ ಸರಿಯುತ್ತದೆ. ಶನಿವಾರ ಬೆಳಗ್ಗೆ 10ಕ್ಕೆ ಇಳಿತವಿದ್ದರೆ ಶುಕ್ರವಾರದ ಹೊತ್ತಿಗೆ ಅದು ಮಧ್ಯಾಹ್ನ 3ರ ಸುಮಾರಿಗೆ ಬಂದಿರುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಾರವಿಲ್ಲ, ಪ್ರತಿದಿನ ಹಗಲು ಹೊತ್ತಿನಲ್ಲೇ ಅಗಲ ಮರಳು. ಇನ್ನೊಂದು ಉಪಯುಕ್ತ ಸಂಗತಿಯಿದೆ. ಹುಣ್ಣಿಮೆ, ಅಮಾವಾಸ್ಯೆ ಆದ ಒಂದೆರಡು ದಿನಕ್ಕೆ ಬರುವ ದೊಡ್ಡ ಉಬ್ಬರ ಒಂದೇ ಊರಿನಲ್ಲಿ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಗಂಟೆಗೆ ಬರುತ್ತದೆ. ಆ ಊರಿನಲ್ಲಿ ಅದು ನಡುಮಧ್ಯಾಹ್ನಕ್ಕೆ ಬರುವುದಾದರೆ ಪಂಚಾಂಗ ನೋಡಿ ಆ ದಿನಗಳು ವಾರದ ನಡುವೆ ಬೀಳದಂತೆ ತಾರೀಕು ಹಿಡಿಯಬಹುದು.

ನೀರು ಸಮವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಗಂಟೆ ಗಂಟೆಗೆ ಬರುವುದು 1, 2, 3, 3, 2, 1. ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ. ಕೊರಕಲು ದಾಟಿ ಪಕ್ಕದ ಮರಳಿಗೆ ಹೋದವರು ಸಿಕ್ಕಿಬೀಳುವುದು ಇದೇ ಹೊತ್ತಿನಲ್ಲಿ. ಇಳಿತ ಮುಗಿಯುವ ಮೊದಲೇ ಹೋಗಿ, ನೀರು ತಿರುಗುವಷ್ಟರಲ್ಲಿ ಮರಳಿ ಹೊರಡಿ. ದಂಡೆಗಳಲ್ಲಿ ಆಯ್ಕೆಯಿದ್ದರೆ ಜೀವರಕ್ಷಕರಿರುವುದನ್ನೇ ಹಿಡಿಯಿರಿ, ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಿ.

ದುಡಿಯುವ ಹೊಲಮನೆಯ ನಡುವೆ

ಒಂಟಿ ಬಾರ್ನ್, ನಾಲ್ಕಾರು ಬಾರ್ನ್‌ಗಳು ಒಂದೇ ಅಂಗಳ ಸುತ್ತಿರುವ ಗುಂಪು, ಇನ್ನೂ ಬೇಸಾಯ ನಡೆಯುತ್ತಿರುವ ಹೊಲಮನೆಯ ಬಾರ್ನ್: ಈ ಮೂರರಲ್ಲಿ ಗುಂಪಿನದ್ದರಲ್ಲಿ ಮಕ್ಕಳಿಗೆ ಜೊತೆ ಸಿಗುತ್ತದೆ, ಗೋಡೆ ಹಂಚಿಕೊಂಡಿದ್ದರೆ ಪಕ್ಕದವರ ಸದ್ದೂ ಸಿಗುತ್ತದೆ. ಒಂಟಿ ಬಾರ್ನ್‌ನಲ್ಲಿ ನೆಮ್ಮದಿಯಿದೆ, ಫ್ಯೂಸ್ ಹೋದರೆ ಕೇಳುವವರಿಲ್ಲ. ದಪ್ಪ ಕಲ್ಲು, ತಗಡು, ಸೂರಿನ ಒಳಗೆ ಹಾಕಿದ ಬೆಳ್ಳಿಹಾಳೆಯ ಪದರ ಮೂರೂ ಮೊಬೈಲ್ ಸಿಗ್ನಲ್ ತಡೆಯುತ್ತವೆ, ವೈಫೈ ಮೂಲಕ ಕರೆ ಮಾಡುವುದನ್ನು ಫೋನಿನಲ್ಲಿ ಹೊರಡುವ ಮುಂಚೆಯೇ ಹೊಂದಿಸಿಕೊಳ್ಳಿ.

ಬೇಸಾಯವಿರುವ ಕಡೆ ಮಕ್ಕಳಿಗೆ ಕಾಣಲು, ಕಲಿಯಲು ಬೇಕಾದಷ್ಟಿದೆ. ಕೊಯ್ಲಿನ ವಾರಗಳಲ್ಲಿ ಯಂತ್ರ ನಡುರಾತ್ರಿವರೆಗೆ ಓಡುತ್ತದೆ, ಕಾಳು ಒಣಗಿಸುವ ಫ್ಯಾನ್ ಬೆಳಗಿನವರೆಗೂ ಗುಂಯ್‌ಗುಡುತ್ತದೆ. ಸಗಣಿಗೊಬ್ಬರ ಹರಡುವ ದಿನ ಕಿಟಕಿ ತೆರೆಯಲಾಗದು. "ನಾವು ಬರುವ ವಾರ ಹೊಲದಲ್ಲಿ ಏನು ಕೆಲಸ?" ಎಂಬ ಒಂದು ಪ್ರಶ್ನೆಗೆ ಇದೆಲ್ಲ ತಿಳಿಯುತ್ತದೆ.

ಅಪಾಯದ ಜಾಗಗಳು ಬೇರೆ: ಸಗಣಿಗುಂಡಿ, ಕೆರೆ, ಟ್ರ್ಯಾಕ್ಟರ್ ಹಿಂದಕ್ಕೆ ಬರುವ ಓಣಿ. ಸಗಣಿಗುಂಡಿಯನ್ನು ಕಲಕಿದಾಗ ಏಳುವ ಹೈಡ್ರೋಜನ್ ಸಲ್ಫೈಡ್ ಕೆಲವೇ ಉಸಿರಿಗೆ ದೊಡ್ಡವರನ್ನೂ ಕೆಡವಬಲ್ಲದು. ಮನೆಯ ಅಂಗಳಕ್ಕೂ ಹೊಲದ ಅಂಗಳಕ್ಕೂ ನಡುವೆ ಚಿಲಕ ಬೀಳುವ ಗೇಟು ಇಲ್ಲದಿದ್ದರೆ ಐದು ವರ್ಷದೊಳಗಿನ ಮಕ್ಕಳೊಂದಿಗೆ ಅಲ್ಲಿಗೆ ಹೋಗಬೇಡಿ. ಕರು, ಕುರಿಮರಿ ಮುಟ್ಟಿದ ಮೇಲೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಸಿ. ಕ್ರಿಪ್ಟೋಸ್ಪೊರಿಡಿಯಮ್ ಎಂಬ ಭೇದಿಯ ಪರಜೀವಿ ಕೈಗೆ ಹಚ್ಚುವ ಜೆಲ್ಲಿಗೆ ಸಾಯುವುದಿಲ್ಲ. ಬಸುರಿಯರು ಕುರಿಗಳು ಈಯುವ ಕಾಲದಲ್ಲಿ ಅವುಗಳ ಹತ್ತಿರ ಹೋಗಬಾರದು, ಗರ್ಭಕ್ಕೆ ಕುತ್ತು ತರುವ ಸೋಂಕುಗಳು ಅಲ್ಲಿವೆ. ಎತ್ತರದ ಹುಲ್ಲಿನಲ್ಲಿ ಆಡಿ ಬಂದ ಸಂಜೆ ಮಂಡಿಯ ಹಿಂದೆ, ಕಂಕುಳಲ್ಲಿ, ಕಿವಿಯ ಹಿಂದೆ ರಕ್ತ ಹೀರುವ ಉಣ್ಣಿ ಕಚ್ಚಿದೆಯೇ ಎಂದು ಹುಡುಕಿ. ಸಿಕ್ಕರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರಕ್ಕೆ ಎಳೆಯಿರಿ.

ವಿದ್ಯುತ್ ಕಾರು ಒಯ್ಯುವವರಿಗೆ: ಮಾಮೂಲಿ ಸಾಕೆಟ್ಟಿನಿಂದ ರಾತ್ರಿ ಹತ್ತು ಗಂಟೆ ಚಾರ್ಜ್ ಮಾಡಿದರೆ 20ರಿಂದ 25 ಯೂನಿಟ್, 100ರಿಂದ 150 ಕಿಲೋಮೀಟರ್ ಓಡುವಷ್ಟು. ಸುರುಳಿ ಬಿಚ್ಚದ ಎಕ್ಸ್‌ಟೆನ್ಷನ್ ವಯರಿನಿಂದ ಮಾತ್ರ ಬೇಡ, ಹಳೆಯ ಕಟ್ಟಡದ ವಯರಿಂಗಿಗೆ ಅಷ್ಟು ಹೊತ್ತಿನ ಹೊರೆ ತಡೆಯುತ್ತದೆಯೇ ಎಂದು ಮಾಲೀಕರಿಂದ ಒಪ್ಪಿಗೆ ಪಡೆಯಿರಿ.

ಬಾರ್ನ್ ಬಿಟ್ಟು ಮಾಮೂಲಿ ಮನೆಯನ್ನೇ ಹಿಡಿಯಬೇಕಾದ ಸಂದರ್ಭಗಳೂ ಇವೆ. ಮಗುವಿಗೆ ಈಗಷ್ಟೇ ನಡಿಗೆ ಬಂದಿದ್ದು ಸಿಗುವುದೆಲ್ಲ ಅಟ್ಟದ ಬಾರ್ನ್ ಆಗಿದ್ದರೆ, ಧೂಳು, ತೇವ, ಹುಲ್ಲಿನ ಪರಾಗಕ್ಕೆ ಉಬ್ಬಸ ಬರುವವರಿದ್ದರೆ, ಚಳಿಗಾಲದಲ್ಲಿ ಎರಡೇ ರಾತ್ರಿಗೆ ಹೋಗುವುದಾದರೆ. ಎಂಟು ಹತ್ತು ವರ್ಷದ ಮಕ್ಕಳು, ಗಟ್ಟಿಮುಟ್ಟಾದ ಅಜ್ಜ ಅಜ್ಜಿ, ಬೇಸಿಗೆಯ ಪೂರ್ತಿ ವಾರ ಕೈಯಲ್ಲಿದ್ದರೆ ದೊಡ್ಡ ಹಜಾರದ ಬಾರ್ನ್ ಕಣ್ಣುಮುಚ್ಚಿ ಹಿಡಿಯಿರಿ.

ಹಣ ಕಟ್ಟುವ ಮುನ್ನ ಕೈಬರಹದ್ದಾದರೂ ಸರಿ, ಪ್ರತಿ ಅಂತಸ್ತಿನ ನಕ್ಷೆ ಕೇಳಿ ಪಡೆಯಿರಿ. ನಕ್ಷೆ ಕೊಡಲು ಹಿಂಜರಿಯುವ ಮನೆಯಲ್ಲಿ ಬಹುಪಾಲು ಮುಚ್ಚಿದ ಕೋಣೆಗಳು ಹೇಳಿದ್ದಕ್ಕಿಂತ ಕಡಿಮೆ ಇರುತ್ತವೆ.

ತಲುಪಿದ ದಿನ ಚೀಲ ಬಿಚ್ಚುವ ಮೊದಲು ಎಲ್ಲ ಅಲಾರಂಗಳ ಗುಂಡಿ ಒತ್ತಿ ನೋಡಿ. ಅಟ್ಟದ ಕಿಟಕಿಯನ್ನು ಮಕ್ಕಳ ಎದುರೇ ತೆರೆದು, ಅದರಿಂದ ಎಲ್ಲಿಗೆ ಇಳಿಯಬೇಕು ಎಂದು ತೋರಿಸಿ. ನೀರಿನ ಮುಖ್ಯ ವಾಲ್ವ್, ವಿದ್ಯುತ್ ಮೈನ್ ಎಲ್ಲಿವೆ ಎಂದು ಇಬ್ಬರು ದೊಡ್ಡವರಾದರೂ ತಿಳಿದಿರಲಿ. ಆ ವಾರದ ಉಬ್ಬರ-ಇಳಿತದ ಪಟ್ಟಿಯನ್ನು ಹೊರಬಾಗಿಲ ಒಳಮೈಗೆ ಅಂಟಿಸಿ, ಕಡಲಿಂದ ಮರಳಬೇಕಾದ ಹೊತ್ತನ್ನು ಪ್ರತಿ ದಿನದ ಪಕ್ಕಕ್ಕೂ ಪೆನ್ಸಿಲಿನಲ್ಲಿ ಬರೆದಿಡಿ.